ಅತ್ತರಿನ ಹತ್ತಿ

ಮೊನ್ನೆ ಪ್ರಯೋಗಾಲಯಕ್ಕೆ ಬಂದ ನೋಟುಗಳ ಲಕೋಟೆ ಬಿಚ್ಚಿದಾಗ ಅತ್ತರಿನ ಪರಿಮಳ ಬಂತು. ನೋಟಿಗೆ ಅಂಟಿದ ಮಾದಕ ವಸ್ತುವಿನ ಕಣ ಹುಡುಕುವುದು ನನ್ನ ಕೆಲಸ, ಪರಿಮಳ ಹುಡುಕುವುದಲ್ಲ. ಆದರೂ ಕೈ ನಿಂತಿತು. ನಮ್ಮೂರು ಕಬಕದ ಒಣಮೀನಿನ ಬ್ಯಾರಿ, ನಾವು ಕಾಕ ಎನ್ನುತ್ತಿದ್ದ ಮುಸ್ಲಿಂ ಹಿರಿಯರು, ಎದುರಿಗೇ ಬಂದು ನಿಂತ ಹಾಗಾಯಿತು…

ನಮ್ಮದೊಂದು ಕೋಣೆ ಬಾಡಿಗೆಗೆ ಹಿಡಿದು ಅವರು ಅಂಗಡಿ ಇಟ್ಟಿದ್ದರು. ನನ್ನ ಅಜ್ಜಿ ಮೀನು ಮುಟ್ಟದವರು, ಮೀನಿನ ವಾಸನೆಯ ನೋಟಿಗೂ ಮೂಗು ಮುರಿಯುವವರು. ಅದಕ್ಕೇ ಕಾಕ ಬಾಡಿಗೆಯ ನೋಟುಗಳನ್ನು ಬೇರೆಯೇ ಡಬ್ಬಿಯಲ್ಲಿ, ತಾವು ಕಿವಿಗೆ ಇಟ್ಟುಕೊಳ್ಳುವ ಅತ್ತರಿನ ಹತ್ತಿಯ ಜೊತೆ ಮುಚ್ಚಿಡುತ್ತಿದ್ದರು. ತಿಂಗಳಿಗೊಮ್ಮೆ ಜಗಲಿಗೆ ಬಂದು ಕೊಡುತ್ತಿದ್ದರು. ಅಜ್ಜಿ ಪ್ರತಿಸಲ ಮೂಸಿ ನೋಡಿ, ಅತ್ತರಿನ ಅಡಿಯಲ್ಲಿ ಬಂಗುಡೆ ಮಲಗಿದೆ ಎಂದು ಚೇಷ್ಟೆ ಮಾಡುತ್ತಿದ್ದರು. ಕಾಕ ನಾಚಿಕೊಂಡು ನಗುತ್ತಿದ್ದರು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಅಂಗಡಿಯ ಹತ್ತಿರ ಮಾದಕ ವಸ್ತು ಮಾರುವವನೊಬ್ಬ ಸಿಕ್ಕಿಬಿದ್ದ. ಅವನು ಕಾಕನಲ್ಲಿ ಮೀನು ಕೊಂಡಿದ್ದನಂತೆ. ಪೊಲೀಸರು ಕಾಕನ ಗಲ್ಲಾಪೆಟ್ಟಿಗೆಯ ನೋಟುಗಳನ್ನೂ ಪರೀಕ್ಷೆಗೆ ಕಳಿಸಿದರು, ಅವುಗಳಲ್ಲೂ ಕಣ ಸಿಕ್ಕಿತು. ವಿಚಾರಣೆ ಮಾಡಿ ಅವರನ್ನು ಬಿಟ್ಟರು, ಊರಿನವರ ಬಾಯಿ ಮಾತ್ರ ಬಿಡಲಿಲ್ಲ. ಗಿರಾಕಿಗಳು ಪಕ್ಕದ ಅಂಗಡಿಗೆ ಹೋಗತೊಡಗಿದರು.

ರಜೆಯಲ್ಲಿ ಊರಿಗೆ ಬಂದಾಗ ನಾನೇ ಹೋಗಿ ಹೇಳಿದೆ, ನೋಟು ಕೈಯಿಂದ ಕೈಗೆ ಹೋಗುವಾಗ ಯಾರದ್ದೋ ಕಣ ಯಾರಿಗೋ ಅಂಟುತ್ತದೆ, ಅದರಿಂದ ನಿಮ್ಮ ಮೇಲೆ ತಪ್ಪು ಬರುವುದಿಲ್ಲ ಎಂದು. ಅವರು ಮೀನಿನ ಮೇಲಿನ ನೊಣ ಓಡಿಸಿದರು.

“ಮೀನಿನ ವಾಸನೆಗಾದ್ರೆ ಅತ್ತರು ಉಂಟು ಮಗಾ,” ಎಂದರು. “ಇದಕ್ಕೆ ಎಂತ ಉಂಟು?”



ಮರುದಿನ ಅವರು ಬಾಡಿಗೆ ತಂದರು. ನೋಟುಗಳು ಅತ್ತರಿನಲ್ಲಿ ನೆನೆದೇ ಹೋಗಿದ್ದವು, ಅಂಗಳಕ್ಕೆಲ್ಲ ಪರಿಮಳ… ಅಂದು ಅಜ್ಜಿ ಮೂಸಲಿಲ್ಲ. ನೋಟನ್ನು ಕಣ್ಣಿಗೊತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿದರು.

“ಕೂತ್ಕೊಳ್ಳಿ ಬ್ಯಾರಿಗಳೇ, ಚಾ ಕುಡಿದು ಹೋಗುದು,” ಎಂದರು.

ಕಾಕ ಕೂತರು. ಹೆಗಲಿನ ಶಾಲಿನಲ್ಲಿ ಮುಖ ಒರೆಸಿಕೊಂಡರು, ಬಹಳ ಹೊತ್ತು.

ಈಗ ಇಬ್ಬರೂ ಇಲ್ಲ. ಆ ಕೋಣೆಯಲ್ಲಿ ಮೊಬೈಲ್ ಅಂಗಡಿ, ನೋಟು ಕೊಡುವವರೇ ಕಡಿಮೆ. ಮೊನ್ನೆಯ ನೋಟುಗಳಲ್ಲೂ ಕಣ ಸಿಕ್ಕಿತು, ವರದಿ ಬರೆದೆ. ನೋಟಿನಲ್ಲಿ ಕಣ ಇದೆ ಎಂದ ಮಾತ್ರಕ್ಕೆ ಅದನ್ನು ಹಿಡಿದವರು ತಪ್ಪಿತಸ್ಥರೆಂದು ಹೇಳಲಾಗದು ಎಂಬ ಸಾಲನ್ನು ಕೊನೆಗೆ ಸೇರಿಸಿದೆ. ಎಲ್ಲ ವರದಿಗೂ ಸೇರಿಸುತ್ತೇನೆ.

ಕಾಕನಿಗೆ ಅದನ್ನೊಮ್ಮೆ ಓದಿ ಹೇಳಬೇಕಿತ್ತು…