ಎದೆಯ ಒಳಕಿಸೆ

ತೊಂಬತ್ತರ ದಶಕದ ಕೊನೆಯಲ್ಲಿ ತಮ್ಮ ಮಿಲಿಟರಿ ಸೇರಿ, ಮೊದಲ ಸೂಟಿಗೆ ಬಂದಾಗ, ಎಲೆಯ ಬಣ್ಣ ಬಳಿದಂತಿದ್ದ ಅವನ ಅಂಗಿಯನ್ನು ನನ್ನ ಮಷಿನ್ನಿನ ಮೇಲೆ ಹರವಿ ನೋಡಿದೆ. ಬೈಲಹೊಂಗಲದ ಪೇಟೆಯಲ್ಲಿ ಜಂಪರು, ಶಾಲೆ ಮಕ್ಕಳ ಅಂಗಿ ಹೊಲಿದು ಬದುಕುವವಳು ನಾನು. ಅಂಥ ಬಟ್ಟೆ ಕಂಡಿರಲಿಲ್ಲ. ದಪ್ಪ, ಬೆವರು ಹೀರುವ ಹೆಸರಿಲ್ಲ. ಇದನ್ನು ಕತ್ತರಿಸಿದ ಪುಣ್ಯಾತ್ಮ ಒಂದು ದಿನವಾದರೂ ನಮ್ಮ ಬಿಸಿಲಿನಲ್ಲಿ ತೊಟ್ಟು ನೋಡಿರಲಿಕ್ಕಿಲ್ಲ. ಎದೆಗೆ ದೊಡ್ಡ ಕಿಸೆ, ಪ್ಯಾಂಟಿನ ತೊಡೆಗೂ ಕಿಸೆ. ಕಾಡತೂಸಿಗೆ ಜಾಗವಿತ್ತು, ನಕ್ಷೆಗೆ ಇತ್ತು. ಕೊರಳ ಇಷ್ಟಲಿಂಗಕ್ಕೆ ಇರಲಿಲ್ಲ.

"ಕೊರಳಾಗಿನ ದಾರ ಬಂದೂಕಿನ ಪಟ್ಟಾಕ್ಕ ಸಿಗತೈತಿ ಅಕ್ಕಾ. ಒಳಗ ಒಂದು ಕಿಸೆ ಮಾಡಿಕೊಡು" ಅಂದ.

ಎಡಗಡೆ, ಎದೆಗೆ ತಾಗುವ ಹಾಗೆ, ಅವ್ವನ ಹಳೆಯ ಇಳಕಲ್ ಸೀರೆಯ ತುಂಡಿನಿಂದ ಸಣ್ಣ ಕಿಸೆ ಹಚ್ಚಿದೆ. ಸೂಜಿ ಮುರಿಯಿತು. ಬೈದುಕೊಂಡೇ ಜೋಡಿ ಹೊಲಿಗೆ ಹಾಕಿದೆ. ಅವನು ಲಿಂಗವನ್ನು ಅದರಲ್ಲಿಟ್ಟು ಕುಣಿದು ತೋರಿಸಿದ, ಬೀಳಲಿಲ್ಲ. "ಸತ್ರೂ ಬೀಳಂಗಿಲ್ಲ ಹೋಗು" ಎಂದು ನಗೆಯಾಡಿದೆ. ಆ ಬಾಯಿಗೆ ಮಣ್ಣು ಬೀಳಲಿ.

ಕೆಲವು ವರ್ಷಕ್ಕೆ ಅವನು ಗಡಿಯಿಂದ ಪೆಟ್ಟಿಗೆಯಲ್ಲಿ ಬಂದ. ನೋಡುವ ಹಾಗಿಲ್ಲ, ತೆರೆಯಬೇಡಿ ಎಂದರು. ಅವ್ವ ಮಣ್ಣು ಕೊಡಲು ಬಿಡಲಿಲ್ಲ. ಲಿಂಗವಿಲ್ಲದೆ ಮಗನನ್ನು ಕುಣಿಗೆ ಇಳಿಸುವುದು ಹೇಗೆ? ಪೆಟ್ಟಿಗೆಯ ಮೇಲೆ ಬಿದ್ದು, "ಲಿಂಗ ಐತೇನ್ರಿ ಮೈಮ್ಯಾಗ?" ಎಂದು ಜೊತೆಗೆ ಬಂದ ಸೈನಿಕರನ್ನೆಲ್ಲ ಕೇಳಿದಳು. ಅವರಿಗೆ ಕನ್ನಡ ತಿಳಿಯದು. ಕೊನೆಗೆ ನಾನೇ ಅವಳ ಕೈ ಹಿಡಿದು ಹೇಳಿದೆ: "ಐತಿ ಬೇ. ನಾನ ಹೊಲದೇನಿ. ಎದಿ ಮ್ಯಾಲ ಐತಿ."

ಅವಳು ಪೆಟ್ಟಿಗೆ ಬಿಟ್ಟಳು.

ಮಣ್ಣು ಮಾಡಿದ ಮೇಲೆ ಅವನ ಟ್ರಂಕು ತಂದವನು ಸವದತ್ತಿ ಕಡೆಯ ಗೆಳೆಯ, ಅದೇ ತುಕಡಿಯವನು. ಅವ್ವ ಒಂದೊಂದೇ ಸಾಮಾನು ಹೊರಗಿಟ್ಟಳು. ಎಲ್ಲಕ್ಕೂ ಕೆಳಗೆ ಆ ಅಂಗಿಯಿತ್ತು.

"ಇದು ಹಳೇದ್ರಿ," ಎಂದ ಗೆಳೆಯ. "ಡ್ರೆಸ್ಸಿನ ನಮೂನಿ ಬದಲಾತು. ಅವ ತೀರಿಕೊಂಡ ದಿನ ಮುಂಜಾನಿ ಎಲ್ಲಾರಿಗೂ ಹೊಸಾದು ಕೊಟ್ರು. ಹಾಕ್ಕೊಂಡು ಗಡಬಡಿಲೆ ಹ್ವಾದ್ವಿ..."

ಅವನ ಮಾತು ಮುಗಿಯುವ ಮೊದಲೇ ಅವ್ವನ ಕೈ ಅಂಗಿಯ ಒಳಗೆ ಹೋಗಿತ್ತು. ಅವಳು ಸೀರೆಯ ತುಂಡನ್ನು ತಡವಿದಳು, ಒಳಗಿದ್ದ ಲಿಂಗವನ್ನು ಬಟ್ಟೆಯ ಸಮೇತ ಮುಷ್ಟಿಯಲ್ಲಿ ಹಿಡಿದಳು. ಅಳಲಿಲ್ಲ. ನನ್ನ ಕಡೆ ತಿರುಗಿದಳು.

"ಹೊಲಿಗಿ ಗಟ್ಟಿ ಐತಿ ಬಿಡವಾ," ಅಂದಳು. "ಒಂದ ಎಳೀನೂ ಬಿಚ್ಚಿಲ್ಲ."