ಇಳಿಜಾರಿನಲ್ಲಿ ಹಾಡುತ್ತಿದ್ದ ಕಾರು

ಮೊನ್ನೆ ರಿಪೇರಿ ಅಂಗಡಿಯೊಂದರಲ್ಲಿ ಹಳೆಯ ವಾಲ್ವ್ ರೇಡಿಯೊ ಕಾದು, ಒಳಗಿನ ಧೂಳು ಸುಟ್ಟ ವಾಸನೆ ಬಂತು. ನಾನು ಹಾಸನದಲ್ಲಿ ಮೇಷ್ಟ್ರಾಗಿದ್ದಾಗ ಎದುರು ಮನೆಯಲ್ಲಿದ್ದ ಯಜಮಾನರ ಕಾರಿನೊಳಗೂ ಇದೇ ವಾಸನೆ...

ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾತು. ಕಾಫಿ ತೋಟದ ದೊರೆಯೊಬ್ಬ ಸ್ವದೇಶಕ್ಕೆ ಹೊರಟಾಗ ಮಾರಿದ ಕಾರು ಅದು, ರೇಡಿಯೊ ಸಮೇತ. ಎಂಜಿನ್ ಆರಿಸಿದರೆ ಮೈಸೂರಿನ ಹಾಡು ಸ್ವಚ್ಛವಾಗಿ ಕೇಳುತ್ತಿತ್ತು. ಎಂಜಿನ್ ಎದ್ದರೆ ಬಾಣಲೆಯಲ್ಲಿ ಸಾಸಿವೆ ಸಿಡಿದ ಸದ್ದು ಮಾತ್ರ. ಯಜಮಾನರು ತಂತಿ ಬದಲಿಸಿದರು, ಬಾನೆಟ್ಟಿಗೆ ಗೋಣಿಚೀಲ ಹೊದಿಸಿದರು, ಒಂದು ಶುಕ್ರವಾರ ನಿಂಬೆಹಣ್ಣನ್ನೂ ಕಟ್ಟಿದರು. ವಿಜ್ಞಾನ ಸೋತಲ್ಲಿ ದೈವವೂ ಸೋತಿತು. ಕೊನೆಗೆ ಅವರೇ ಕಂಡುಹಿಡಿದ ಪರಿಹಾರ, ಇಳಿಜಾರು ಬಂದಾಗ ಎಂಜಿನ್ ಆರಿಸಿ ಕಾರನ್ನು ಹಾಗೇ ಉರುಳಲು ಬಿಡುವುದು. ಅಲ್ಲಿಂದಾಚೆಗೆ ಚನ್ನರಾಯಪಟ್ಟಣದ ದಾರಿ ಸಪಾಟು, ಸಂಗೀತ ಸಂಸ್ಕಾರವಿಲ್ಲದ್ದು ಎಂದು ಅವರ ತೀರ್ಪು.

ಅರಕಲಗೂಡಿನಲ್ಲಿ ಅವರ ಅಣ್ಣ ಇದ್ದರು. ಆಸ್ತಿ ಪಾಲಾದಾಗ ಸ್ನಾನದ ಹಂಡೆ ಒಂದು, ಮನೆ ಎರಡು, ಅದಕ್ಕೇ ಜಗಳ, ಅಂದಿನಿಂದ ಮಾತಿಲ್ಲ. ನನ್ನ ತಮ್ಮ ಕಾರಲ್ಲಿ ಒಗ್ಗರಣೆ ಹಾಕಿಕೊಂಡು ತಿರುಗುತ್ತಾನೆ ಎಂದು ಅಣ್ಣ ಕೊಣನೂರು ಸಂತೆಯಲ್ಲಿ ಆಡಿಕೊಂಡದ್ದು ಹಾಸನಕ್ಕೂ ಮುಟ್ಟಿತು. ಯಜಮಾನರು ಅಂದು ಊಟ ಮಾಡಲಿಲ್ಲ. ಅಣ್ಣನಿಗೆ ವಚನವೆಂದರೆ ಪ್ರಾಣ. ರೇಡಿಯೊದಲ್ಲಿ ಒಂದು ವಚನ ಕೇಳಿಸಿಬಿಟ್ಟರೆ ಅಣ್ಣ ಮತ್ತೆ ಮಾತಾಡಿಸಿಯಾನು ಎಂಬ ಆಸೆ. ರಾಯಭಾರಕ್ಕೆ ನಾನು ಹೋದೆ.

ರೇಡಿಯೊದಲ್ಲಿ ವಚನವಿದ್ದ ಸಂಜೆ ಅಣ್ಣ ಬಂದು ಹಿಂದಿನ ಸೀಟಿನಲ್ಲಿ ಕೂತರು, ಮುಖ ಕಿಟಕಿಯ ಕಡೆಗೆ. ಇಬ್ಬರ ಮಾತೂ ನನ್ನ ಮೂಲಕವೇ. ರೇಡಿಯೊ ಸಿಡಿಯತೊಡಗಿತು.

"ಮೇಷ್ಟ್ರೇ, ಕರಿಬೇವು ಯಾವಾಗ ಹಾಕ್ತಾನೆ ಕೇಳಿ," ಎಂದರು ಅಣ್ಣ.

"ಇಳಿಜಾರು ಬರ್ಲಿ ಅಂತ ಹೇಳಿ ಮೇಷ್ಟ್ರೇ," ಎಂದರು ಯಜಮಾನರು.

ಅರಕಲಗೂಡಿನ ದಾರಿಯ ಇಳಿಜಾರು ಬಂತು. ಎಂಜಿನ್ ಆರಿತು. ವಚನ ಕೇಳಿಸಿತು... ಅಣ್ಣನ ಬೆರಳು ತಾಳ ಹಾಕಿತು, ಬಾಯಿ ಮಾತ್ರ ಬಿಡಲಿಲ್ಲ. ಕಾರು ತಗ್ಗಿನಲ್ಲಿ ನಿಂತ ಮೇಲೂ ಹಾಡು ಮುಗಿಯುವವರೆಗೆ ಯಾರೂ ಅಲುಗಲಿಲ್ಲ. ಅಷ್ಟರಲ್ಲಿ ರೇಡಿಯೊ ಬ್ಯಾಟರಿಯನ್ನು ಪೂರ್ತಿ ಕುಡಿದಿತ್ತು. ಮುಂದಿನಿಂದ ಹ್ಯಾಂಡಲ್ ತೂರಿಸಿ ತಿರುಗಿಸಿದರೂ ಕಾರು ಏಳಲಿಲ್ಲ.

ನನ್ನನ್ನು ಸ್ಟೇರಿಂಗಿಗೆ ಕೂರಿಸಿ ಸಹೋದರರಿಬ್ಬರೂ ಹಿಂದಿನಿಂದ ತಳ್ಳತೊಡಗಿದರು. ಏರು ದಾರಿ, ಏದುಸಿರು. ಆಗ ಅಣ್ಣನ ದನಿ ಕೇಳಿತು:

"ಲೇ, ಬರೀ ಕೈ ಇಟ್ಕಂಡಿದ್ರೆ ಸಾಲ್ದು ಕಣ್ಲಾ. ತಳ್ಳು."

"ತಳ್ತಾನೇ ಇವ್ನಿ ಕಣಣ್ಣಯ್ಯ. ನೀನು ಒರಗ್ಕಂಡಿದ್ದೀಯ, ಅದ್ಕೇ ಈ ಭಾರ."

ನನ್ನ ರಾಯಭಾರ ಅಲ್ಲಿಗೆ ಮುಗಿಯಿತು.

ಆಮೇಲೆ ವಾರಕ್ಕೊಮ್ಮೆ ಅಣ್ಣ ತಾವಾಗಿಯೇ ಹಾಜರು. ಕೇಳುವುದು, ಬೈಯುವುದು, ತಳ್ಳುವುದು. ಬೆಂಗಳೂರಿನ ಮೆಕ್ಯಾನಿಕ್ ಒಬ್ಬ ಬಂದು, ಚಿಕ್ಕದೊಂದು ಸಾಮಾನು ಹಾಕಿದರೆ ಸಿಡಿತ ನಿಲ್ಲುತ್ತದೆ ಎಂದ. ಯಜಮಾನರು ಅವನಿಗೆ ಕಾಫಿ ಕೊಟ್ಟು ಕಳಿಸಿಬಿಟ್ಟರು. ಯಾಕೆ ಎಂದು ಕೇಳಿದೆ.

"ಅದು ಸರಿಹೋದ್ರೆ ಅಣ್ಣಯ್ಯ ಯಾತಕ್ ಬತ್ತಾನೆ, ಮೇಷ್ಟ್ರೇ?"

ಈಗ ಇಬ್ಬರೂ ಇಲ್ಲ. ಕಳೆದ ತಿಂಗಳು ಮೊಮ್ಮಗನ ಕಾರಿನಲ್ಲಿ ಅರಕಲಗೂಡಿಗೆ ಹೋದೆ. ಏರಿನಲ್ಲೂ ಇಳಿಜಾರಿನಲ್ಲೂ ರೇಡಿಯೊ ಒಂದೇ ಸಮ ಹಾಡಿತು. ಆ ತಗ್ಗು ಬಂದಾಗ ಸ್ವಲ್ಪ ನಿಲ್ಲಿಸಪ್ಪ ಎಂದೆ. ಕಾರು ಕೆಟ್ಟಿಲ್ಲವಲ್ಲ ತಾತ ಎಂದ ಹುಡುಗ. ನಿಜ. ಕೆಟ್ಟಿದ್ದರೂ ತಳ್ಳುವವರು ಉಳಿದಿಲ್ಲ...