ವಾರಕ್ಕೆ ನಾಲ್ಕು ಪರ್ಸೆಂಟ್

ಗೂಡಮ್ಮನಿಗೆ ಮಾತು ಹೊರಡದೆ ಹೋಯಿತು ಎಂದರೆ ಮಾತ್ರೆ ಕಾರ್ಖಾನೆಯಲ್ಲಿ ಒಬ್ಬರೂ ನಂಬುವುದಿಲ್ಲ. ಗೇಟಿನಲ್ಲಿ ಹನ್ನೊಂದು ವರ್ಷ ಕೂತು, ನೂರಾ ನಲವತ್ತು ಜನಕ್ಕೆ ಎದುರು ಮಾತು ಕೊಟ್ಟು, ಒಂದು ದಿನವೂ ಸೋಲದ ಬಾಯಿ ಅದು. ಅಂಥವಳು ಆವತ್ತು ಮಗಳ ಅಡುಗೆಮನೆಯಲ್ಲಿ, ಫ್ರಿಜ್ಜಿನ ಪಕ್ಕಕ್ಕೆ ಅಂಟಿಸಿದ್ದ ಒಂದು ಹಾಳೆಯ ಮುಂದೆ ನೀರಿನ ಲೋಟ ಹಿಡಿದು ನಿಂತವಳು ನಿಂತೇ ಬಿಟ್ಟಳು. ಆ ಹಾಳೆಯಲ್ಲಿ ಅಂಥದ್ದೇನಿತ್ತು ಎಂದು ತಿಳಿಯಬೇಕಾದರೆ ಮೊದಲು ಅವಳ ಕೆಲಸ ಏನೆಂದು ಹೇಳಬೇಕು.

ಮಾತ್ರೆ ಪ್ಯಾಕ್ ಮಾಡುವ ಆ ಕಾರ್ಖಾನೆಯೊಳಗೆ ಫೋನ್ ಒಯ್ಯುವಂತಿಲ್ಲ. ಬೆಳಿಗ್ಗೆ ಎಂಟೂವರೆಗೆ ಗೇಟಿನ ಪಕ್ಕದ ಕೋಣೆಯಲ್ಲಿ ಕೊಟ್ಟು ಒಳಗೆ ಹೋಗಬೇಕು, ಸಂಜೆ ಐದೂವರೆಗೆ ಇಸಿದುಕೊಂಡು ಮನೆಗೆ ನಡೆಯಬೇಕು. ಕೋಣೆಯ ಗೋಡೆ ತುಂಬ ಮರದ ಗೂಡುಗಳು, ಗೂಡಿಗೊಂದು ನಂಬರು. ಅದರ ಮುಂದೆ ಕೂರುವವಳು ಗೂಡಮ್ಮ. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ಕಾಯುವುದಷ್ಟೇ ಅವಳಿಗೆ ಒಪ್ಪಿಸಿದ ಕೆಲಸ. ಚಾರ್ಜ್ ಮಾಡುವುದು ಅವಳೇ ಮೈಮೇಲೆ ಎಳೆದುಕೊಂಡದ್ದು. ನೂರಾ ನಲವತ್ತು ಫೋನಿಗೆ ಇದ್ದದ್ದು ಹದಿನಾರೇ ಪ್ಲಗ್ಗು. ಅದಕ್ಕೇ ನಿಯಮ ಮಾಡಿದಳು. ಇಪ್ಪತ್ತಕ್ಕಿಂತ ಕೆಳಗಿದ್ದವರಿಗೆ ಮೊದಲ ಸರದಿ. ಎಂಬತ್ತು ಮುಟ್ಟಿದ ಕೂಡಲೇ ಕಿತ್ತು ಮುಂದಿನವರಿಗೆ. ‘ಅದರ ಮೇಲೆ ಹಾಕಿದ್ರೆ ಬ್ಯಾಟರಿಗೆ ಕೊಬ್ಬು ಬರುತ್ತೆ’ ಎನ್ನುವುದು ಅವಳ ಶಾಸ್ತ್ರ. ಚಾರ್ಜರುಗಳೆಲ್ಲ ಅವಳ ಡ್ರಾಯರಿನಲ್ಲಿ, ಡ್ರಾಯರಿನ ಕೀಲಿ ಅವಳ ಸೊಂಟದಲ್ಲಿ. ಮ್ಯಾನೇಜರಿಗೂ ಇದರಲ್ಲಿ ರಿಯಾಯಿತಿ ಇರಲಿಲ್ಲ.

ಒಮ್ಮೆ ಲೇಬಲ್ ಮೆಷಿನ್ನಿನ ಹುಡುಗ, ಅರವತ್ತಿದ್ದ ಫೋನನ್ನು ನಲವತ್ತು ಮಾಡಿ ಕೊಟ್ಟೆ ಎಂದು ಜಗಳಕ್ಕೆ ನಿಂತ. ಮಾರನೇ ದಿನದಿಂದಲೇ ಗೂಡಮ್ಮ ಪುಸ್ತಕ ಇಟ್ಟಳು. ಸ್ಕೇಲಿನಲ್ಲಿ ಗೆರೆ ಎಳೆದು ಎರಡು ಅಂಕಣ, ‘ಬಂದಾಗ’, ‘ಹೋದಾಗ’. ಆಮೇಲಿನಿಂದ ಫೋನ್ ಕೊಡುವವರು ಪರದೆಯನ್ನು ಅವಳ ಕಡೆ ತಿರುಗಿಸಿ ಹಿಡಿದು, ಪರ್ಸೆಂಟು ಹೇಳಿ, ಆಮೇಲೇ ಕೈಗೆ ಕೊಡಬೇಕು. ಆ ಸಂಖ್ಯೆಗಳನ್ನು ಬರೆದೂ ಬರೆದೂ ಅವಳಿಗೆ ಜನರ ಮನೆ ಕಥೆ ಓದುವುದು ಬಂದುಬಿಟ್ಟಿತು. ಅದೇ ಲೇಬಲ್ ಹುಡುಗನ ಫೋನು ವಾರವಿಡೀ ಹತ್ತರ ಕೆಳಗೆ ಬಂದಾಗ, “ಏನೋ, ರಾತ್ರಿಯೆಲ್ಲ ಯಾರ ಹತ್ರ ಪಿಸುಪಿಸು?” ಎಂದಿದ್ದಳು. ಮೂರು ತಿಂಗಳಿಗೆ ಅವನು ಮದುವೆ ಕಾಗದ ತಂದುಕೊಟ್ಟ. ಪರ್ಸೆಂಟು ಹೇಳಿ ಸಾಕು, ಮನೆಯೊಳಗೆ ಏನು ನಡೀತಿದೆ ಅಂತ ನಾನು ಹೇಳ್ತೀನಿ ಎಂದು ಅವಳು ಕೊಚ್ಚಿಕೊಳ್ಳುತ್ತಿದ್ದಳು. ಈ ಜಂಬ ಕೊನೆಗೆ ಎಲ್ಲಿಗೆ ತಂದು ನಿಲ್ಲಿಸಿತು ನೋಡಿ.

ಗೂಡಮ್ಮನಿಗೆ ಇರುವವಳು ಒಬ್ಬಳೇ ಮಗಳು, ಪುಟ್ಟಿ. ಗಂಡ ತೀರಿಕೊಂಡಾಗ ಮಗುವಿಗೆ ಆರು ವರ್ಷ. ಒಂದೇ ಕೈಯಲ್ಲಿ ಸಾಕಿ, ಓದಿಸಿ, ಎರಡು ವರ್ಷದ ಹಿಂದೆ ಮದುವೆ ಮಾಡಿದಳು. ಅಳಿಯ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ. ಸಿಗರೇಟು ಮುಟ್ಟುವವನಲ್ಲ, ಕುಡಿಯುವವನಲ್ಲ, ಏರಿದ ದನಿಯಲ್ಲಿ ಮಾತಾಡಿದವನಲ್ಲ. ಅಂಗಿಯ ಜೇಬಿನಲ್ಲಿ ಸದಾ ಎರಡು ಪೆನ್ನು. ಇಂಥ ಅಳಿಯ ಸಿಗಲು ಪುಣ್ಯ ಮಾಡಿರಬೇಕು ಎಂದು ನೆಂಟರು ಹೇಳಿದರು, ಗೂಡಮ್ಮ ಬೇಡವೆನ್ನದೆ ಒಪ್ಪಿಕೊಂಡಳು.

ಮದುವೆಯಾದ ಹೊಸತರಲ್ಲಿ ಒಮ್ಮೆ ಅವನು ಅತ್ತೆಯನ್ನು ನೋಡಲು ಗೇಟಿಗೇ ಬಂದಿದ್ದ. ಪುಸ್ತಕ ಕಂಡು ಹದಿನೈದು ನಿಮಿಷ ಪುಟ ತಿರುವಿ ತಿರುವಿ ನೋಡಿದ.

“ಎಷ್ಟು ಅಚ್ಚುಕಟ್ಟು ಅತ್ತೆ. ನಮ್ಮ ಕಚೇರೀಲೂ ಹೀಗೆ ಇಡಲ್ಲ,” ಎಂದ.

ಗೂಡಮ್ಮ ಉಬ್ಬಿಹೋದಳು. ಆ ಭಾನುವಾರ ಮಗಳು ಅಳಿಯ ಊಟಕ್ಕೆ ಬಂದಾಗಲೂ ಆ ಉಬ್ಬು ಇಳಿದಿರಲಿಲ್ಲ. ಪುಟ್ಟಿ ಗೆಳತಿಯ ಜೊತೆ ಫೋನಿನಲ್ಲಿ ನಗುತ್ತ ನಿಂತು ಹಾಲು ಉಕ್ಕಿಸಿಬಿಟ್ಟಳು. ಒಲೆ ಒರೆಸುತ್ತ ಗೂಡಮ್ಮ, ನಗೆಗೆಂದೇ, ಅಳಿಯನ ಕಡೆ ತಿರುಗಿ ಹೇಳಿದಳು.

“ಇವಳಿಗೆ ನಮ್ಮ ಗೂಡಿನ ನಿಯಮ ಹಾಕಿ ಅಳಿಯಂದ್ರೇ. ಚಾರ್ಜರ್ ನಿಮ್ಮ ಹತ್ರ ಇಟ್ಕೊಳ್ಳಿ. ಎಷ್ಟು ಬೇಕೋ ಅಷ್ಟು ಅಳೆದು ಕೊಡಿ. ಬಂದಾಗ ಎಷ್ಟು, ಹೋದಾಗ ಎಷ್ಟು ಬರೀರಿ. ತಾನೇ ದಾರಿಗೆ ಬರ್ತಾಳೆ.”

ಅಳಿಯ ನಕ್ಕ. ಗೂಡಮ್ಮ ಬಿದ್ದು ಬಿದ್ದು ನಕ್ಕಳು. ಪುಟ್ಟಿ ನಕ್ಕಳೋ ಇಲ್ಲವೋ ಎಂದು ಅವಳು ತಿರುಗಿ ನೋಡಲೂ ಇಲ್ಲ.

ಅದಾದ ಮೇಲೆ ಮಗಳ ಫೋನು ಕಡಿಮೆಯಾಗುತ್ತ ಬಂತು. ದಿನಾ ಮಾಡುತ್ತಿದ್ದವಳು ಎರಡು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ. ಅದೂ ಐದು ನಿಮಿಷ. “ಅಮ್ಮಾ, ಚಾರ್ಜ್ ಇಲ್ಲ, ಇಡ್ತೀನಿ.” ಗೂಡಮ್ಮನಿಗೆ ಇದು ಮಾನ ಹೋಗುವ ಸಂಗತಿ. ಊರವರ ಫೋನೆಲ್ಲ ತುಂಬಿಸುವವಳ ಮಗಳ ಫೋನು ಸದಾ ಖಾಲಿಯೇ? ಸಿಕ್ಕಿದ ಐದು ನಿಮಿಷದಲ್ಲಿ ನಾಲ್ಕು ನಿಮಿಷ ಬೈದೇ ಬೈಯುತ್ತಿದ್ದಳು. ಸೋಮಾರಿ ಎಂದಳು, ಮದುವೆಯಾದ ಮೇಲೆ ಅಮ್ಮ ಬೇಡವಾದಳು ಎಂದಳು. ಅಳಿಯ ಕಚೇರಿ ಕೆಲಸಕ್ಕೆ ಇತ್ತ ಬಂದಾಗ ಒಂದು ಹೊಸ ಚಾರ್ಜರನ್ನೂ ಆಮೇಲೊಮ್ಮೆ ಒಂದು ಪವರ್ ಬ್ಯಾಂಕನ್ನೂ ಅವನ ಕೈಯಲ್ಲೇ ಕಳಿಸಿದಳು. “ಖಂಡಿತ ಮುಟ್ಟಿಸ್ತೀನಿ ಅತ್ತೆ,” ಎಂದು ಅವನು ಬ್ಯಾಗಿಗೆ ಹಾಕಿಕೊಂಡ.

ಆಮೇಲೆ ಒಂಬತ್ತು ದಿನ ಫೋನೇ ಇಲ್ಲ. ಇವಳು ಮಾಡಿದರೆ ಸ್ವಿಚ್ ಆಫ್. ಅಳಿಯನಿಗೆ ಮಾಡಿದರೆ, “ಚೆನ್ನಾಗಿದಾಳೆ ಅತ್ತೆ, ಫೋನ್ ಸ್ವಲ್ಪ ತೊಂದರೆ,” ಎಂಬ ಅದೇ ಮೆತ್ತನೆ ಉತ್ತರ. ಹತ್ತನೇ ದಿನ ಕಾರ್ಖಾನೆಯ ಟ್ರಾನ್ಸ್‌ಫಾರ್ಮರ್ ಸುಟ್ಟು ಎಲ್ಲರನ್ನೂ ಹತ್ತೂವರೆಗೇ ಮನೆಗೆ ಕಳಿಸಿದರು. ಗೂಡಮ್ಮ ನೂರಾ ನಲವತ್ತು ಫೋನನ್ನೂ ಹಿಂತಿರುಗಿಸಿ, ತನ್ನ ಚಾರ್ಜರನ್ನು ಕೈಚೀಲಕ್ಕೆ ತುರುಕಿ, ಮಗಳ ಊರಿನ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಏನೇನು ಬೈಯಬೇಕೆಂದು ಜೋಡಿಸಿಕೊಳ್ಳುತ್ತಲೇ ಹೋದಳು.

ಬಾಗಿಲು ತೆಗೆದ ಪುಟ್ಟಿ ಅಮ್ಮನ ಮುಖಕ್ಕಿಂತ ಮೊದಲು ಗೋಡೆ ಗಡಿಯಾರ ನೋಡಿದಳು. ಇಳಿದುಹೋಗಿದ್ದಳು.

“ಅವರಿಗೆ ಹೇಳಿ ಬಂದ್ಯಾ ಅಮ್ಮ?”

“ನನ್ನ ಮಗಳ ಮನೆಗೆ ಬರೋಕೆ ಯಾರ ಅಪ್ಪಣೆ ಬೇಕು? ಎಲ್ಲಿ ನಿನ್ನ ಫೋನು?”

ಪುಟ್ಟಿ ತಂದು ಕೊಟ್ಟಳು. ಪರದೆ ಕಪ್ಪಗೆ ಸತ್ತುಹೋಗಿತ್ತು.

“ಚಾರ್ಜರ್?”

“ಅವರ ಬ್ಯಾಗಲ್ಲಿ.”

“ನಾನು ಕಳಿಸಿದ ಹೊಸದು?”

ಪುಟ್ಟಿ ಅಮ್ಮನ ಮುಖವನ್ನೇ ನೋಡಿದಳು. “ನೀನು ಯಾವಾಗ ಕಳಿಸಿದ್ದೆ?”

ಅಳಿಯ ಮರೆತಿರಬೇಕು ಪಾಪ, ಕೆಲಸದ ಗಡಿಬಿಡಿ ಎಂದು ಗೂಡಮ್ಮ ತನಗೇ ಸಮಾಧಾನ ಹೇಳಿಕೊಂಡು ನೀರು ಕುಡಿಯಲು ಅಡುಗೆಮನೆಗೆ ಹೋದಳು. ಅಲ್ಲಿತ್ತು ಆ ಹಾಳೆ.

ಸ್ಕೇಲಿನಲ್ಲಿ ಎಳೆದ ಗೆರೆಗಳು. ‘ಬಂದಾಗ’, ‘ಹೋದಾಗ’. ಅವಳದೇ ಅಂಕಣಗಳು, ಅವಳದೇ ಮಾತುಗಳು. ತಾರೀಖಿನ ಪಕ್ಕ ದುಂಡಗೆ ಬರೆದ ಸಂಖ್ಯೆಗಳು. ಅಳಿಯ ತನ್ನದಾಗಿ ಸೇರಿಸಿದ್ದು ಮೂರನೆಯ ಅಂಕಣ ಒಂದನ್ನೇ, ‘ಕಾರಣ’. ಹಾಲಿನವನು, ಒಂದು. ಗೆಳತಿ, ಆರು. ಆ ಆರರ ಕೆಳಗೆ ಕೆಂಪು ಗೆರೆ, ಅಲ್ಲಿಂದ ಮುಂದೆ ಗೆಳತಿ ಎಂಬ ಮಾತೇ ಇಲ್ಲ. ವಾರಕ್ಕೊಮ್ಮೆ, ತಪ್ಪದೆ, ‘ಅಮ್ಮ, ನಾಲ್ಕು’. ಕೊನೆಯ ಸಾಲಿನಲ್ಲಿ ಮೂವತ್ತೊಂದರಿಂದ ಒಂಬತ್ತಕ್ಕೆ ಇಳಿದಿತ್ತು. ಅಮ್ಮ, ನಾಲ್ಕು. ನಾದಿನಿ, ಐದು. ‘ಹದಿಮೂರಕ್ಕೆ ಕಾರಣ ಸಿಗಲಿಲ್ಲ.’ ಅದರ ಕೆಳಗೆ ಒಂಬತ್ತು ದಿನದ ಸಾಲುಗಳನ್ನು ಅಡ್ಡಗೆರೆ ಎಳೆದು ಹೊಡೆದುಹಾಕಲಾಗಿತ್ತು.

ಬೇರೆ ಯಾರಾದರೂ ಮಗಳನ್ನು ಹೀಗೆ ಕೂಡಿಹಾಕಿದ್ದರೆ ಹೋಗಿ ಜುಟ್ಟು ಹಿಡಿಯುತ್ತಿದ್ದಳು. ಇಲ್ಲಿ ಯಾರ ಜುಟ್ಟು ಹಿಡಿಯುವುದು?

“ಆ ಹದಿಮೂರು,” ಎಂದು ಬಹಳ ಹೊತ್ತಿನ ಮೇಲೆ ಕೇಳಿದಳು.

“ಹಾಡು ಹಾಕ್ಕೊಂಡು ಸ್ವಲ್ಪ ಹೊತ್ತು ಮಲಗಿದ್ದೆ. ಅಷ್ಟಕ್ಕೆ ಹದಿಮೂರು ಹೋಗಲ್ಲ, ಇನ್ನು ಯಾರ ಹತ್ರ ಮಾತಾಡಿದೆ ಹೇಳು ಅಂದ್ರು. ಹೇಳೋಕೆ ಯಾರೂ ಇರ್ಲಿಲ್ಲ. ಹೇಳೋವರೆಗೆ ಚಾರ್ಜ್ ಇಲ್ಲ ಅಂದ್ರು.”

“ಇದು ನಾಲ್ಕು ವರ್ಷದ ಬ್ಯಾಟರಿ ಕಣೇ. ಸುಮ್ನೆ ಮೇಜಿನ ಮೇಲೆ ಇಟ್ರೂ ದಿನಕ್ಕೆ ಹತ್ತು ಇಳಿಯುತ್ತೆ. ಗೇಟಲ್ಲಿ ನಾನು ದಿನಾ ನೋಡಲ್ವಾ?”

“ನಂಗೊತ್ತಿರ್ಲಿಲ್ಲ. ನನ್ನದೇ ಏನೋ ತಪ್ಪು ಅಂದ್ಕೊಂಡೆ.”

“ನನಗೆ ಒಂದು ಮಾತು ಹೇಳಬಾರದಾಗಿತ್ತಾ?”

ಪುಟ್ಟಿ ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. ಅದೇ ಗೂಡಮ್ಮನನ್ನು ಇನ್ನಷ್ಟು ಹೆದರಿಸಿತು.

“ನಿಮ್ಮಮ್ಮಂದೇ ನಿಯಮ ಅಂತಿದ್ರು. ನೀನೇ ಅಲ್ವಾ ಹೇಳಿದ್ದು? ಆದ್ರೂ ಹೇಳಬೇಕು ಅಂತಾನೇ ಎಲ್ಲಾ ಬಿಟ್ಟು ವಾರಕ್ಕೆ ನಾಲ್ಕು ನಿನಗೆ ಅಂತ ಉಳಿಸ್ಕೋತಿದ್ದೆ. ನೀನು ಬೈಯೋದ್ರಲ್ಲೇ ನಾಲ್ಕೂ ಮುಗಿದುಹೋಗ್ತಿತ್ತು.”

ಪರ್ಸೆಂಟು ಹೇಳಿದರೆ ಮನೆ ಕಥೆ ಹೇಳುತ್ತೇನೆ ಎಂದವಳು ಲೋಟವನ್ನು ಕೆಳಗಿಟ್ಟು ಅಡುಗೆಮನೆಯ ನೆಲದ ಮೇಲೆ ಕೂತಳು. ನೂರಾ ನಲವತ್ತು ಜನರ ಮನೆ ಅವಳಿಗೆ ಕಂಡಿತ್ತು. ಇದೊಂದು ಕಾಣಲಿಲ್ಲ. ಅಯ್ಯೋ ಎನ್ನಲೂ ಅವಳಿಗೆ ನಾಚಿಕೆಯಾಯಿತು.

ಸ್ವಲ್ಪ ಹೊತ್ತಿಗೆ ಎದ್ದು, ಕೈಚೀಲದಿಂದ ಚಾರ್ಜರ್ ತೆಗೆದು ನಡುಮನೆಯ ಪ್ಲಗ್ಗಿಗೆ ಸಿಕ್ಕಿಸಿ, ಮಗಳ ಫೋನು ಹಾಕಿದಳು. ಇಬ್ಬರೂ ಅದರ ಎದುರು ಕೂತರು. ಎಂಬತ್ತು ಮುಟ್ಟಿದಾಗ ಅಭ್ಯಾಸಬಲದಿಂದ ಕೈ ಮುಂದೆ ಹೋಯಿತು, ಹಿಂದಕ್ಕೆಳೆದುಕೊಂಡಳು. ಮೂರೂವರೆ ಹೊತ್ತಿಗೆ ನೂರಾಯಿತು. ಅಷ್ಟರಲ್ಲಿ ಪುಟ್ಟಿ ಎರಡು ಚೀಲ ಬಟ್ಟೆ ತುಂಬಿದ್ದಳು. ಬಾ ಎಂದು ಅಮ್ಮನೂ ಕರೆದಿರಲಿಲ್ಲ, ಬರಲೇ ಎಂದು ಅವಳೂ ಕೇಳಿರಲಿಲ್ಲ. ಹೇಳದೆ ಓಡಿಹೋದಳು ಅನ್ನಿಸಿಕೊಳ್ಳಲಾರೆ ಎಂದು ಪುಟ್ಟಿ ಗಂಡ ಬರುವವರೆಗೆ ಕಾದಳು.

ಅಳಿಯ ಆರಕ್ಕೆ ಬಂದ. ಅತ್ತೆಯನ್ನು ನೋಡಿದ, ಚೀಲ ನೋಡಿದ, ಕೊನೆಗೆ ಪ್ಲಗ್ಗಿನಲ್ಲಿದ್ದ ಫೋನು ನೋಡಿದ. ಜೇಬಿನ ಪೆನ್ನಿಗೆ ಕೈ ಹೋಯಿತು.

“ನೂರಾ? ಯಾರು ಹಾಕಿದ್ದು ಅತ್ತೆ?”

“ನಾನೇ.”

“ನೀವು ಹೇಳಿಕೊಟ್ಟ ಹಾಗೇ ನಾನು ಮಾಡ್ತಿರೋದು. ಒಂದು ಗೆರೆ ಆಚೀಚೆ ಮಾಡಿಲ್ಲ.” ದನಿ ಒಂದಿಷ್ಟೂ ಏರಲಿಲ್ಲ. ತಪ್ಪು ಮಾಡಿದ್ದೇನೆಂಬ ಸಣ್ಣ ಅಳುಕು ಕೂಡ ಆ ಮುಖದಲ್ಲಿರಲಿಲ್ಲ.

“ಹೌದು, ನಾನೇ ಹೇಳಿಕೊಟ್ಟೆ,” ಎಂದಳು. “ಪೂರ್ತಿ ಹೇಳಿಕೊಡಲಿಲ್ಲ. ಐದೂವರೆ ಆದ್ಮೇಲೆ ನಮ್ಮ ಗೂಡಲ್ಲಿ ಒಂದು ಫೋನೂ ಉಳಿಯಲ್ಲ. ಅವರವರದು ಅವರವರ ಕೈಗೆ ಕೊಡ್ತೀನಿ. ಯಾರಿಗೆ ಮಾಡಿದೆ, ಯಾಕೆ ಮಾಡಿದೆ ಅಂತ ಲೆಕ್ಕ ಬರೆಸಿಲ್ಲ. ಈಗ ಆರಾಯ್ತು. ಇವಳದು ಇವಳಿಗೆ ಬಿಡಿ.”

“ಹೋದ್ರೆ ಮತ್ತೆ ಈ ಬಾಗಿಲು ತೆರೆಯಲ್ಲ,” ಎಂದ ಅಳಿಯ, ಹವಾಮಾನ ಹೇಳುವವನ ಹಾಗೆ. ಪುಟ್ಟಿ ಬಗ್ಗಿ ಪ್ಲಗ್ ಕಿತ್ತಳು. ಫೋನು ಒಂದು ಕೈಯಲ್ಲಿ, ಒಂದು ಚೀಲ ಇನ್ನೊಂದರಲ್ಲಿ, ಉಳಿದ ಚೀಲ ಗೂಡಮ್ಮನ ಕೈಯಲ್ಲಿ. ಅವನು ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ಹಾಳೆಯ ಮುಂದೆ ಹೋಗಿ ಏನೋ ಬರೆಯತೊಡಗಿದ.

ಬಸ್ಸಿನಲ್ಲಿ ಪುಟ್ಟಿ ಕಿವಿಗೆ ವಯರು ಸಿಕ್ಕಿಸಿಕೊಂಡು ಕಣ್ಣು ಮುಚ್ಚಿ ಕೂತಳು. ಮನೆಗೆ ಬಂದವರು ಉಂಡು ಮಲಗಿದರು. ಮಗಳು ಬಂದಳು, ಇನ್ನೇನು, ಎಲ್ಲ ಸರಿಹೋಗುತ್ತದೆ ಎಂದು ಹೆತ್ತ ಜೀವ ಅಂದುಕೊಂಡಿತು.

ಬೆಳಿಗ್ಗೆ ಏಳೂವರೆಗೆ ಗೂಡಮ್ಮ ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡು ಕೆಲಸಕ್ಕೆ ಹೊರಟಿದ್ದಳು. ಬಾಗಿಲ ಪಕ್ಕದ ಪ್ಲಗ್ಗಿನಲ್ಲಿ ಚಾರ್ಜರ್ ನೇತಾಡುತ್ತಿತ್ತು, ಯಾರು ಬೇಕಾದರೂ ಹಾಕಿಕೊಳ್ಳುವಂತೆ. ಪುಟ್ಟಿ ಎದ್ದು ಬಂದು ಅದರ ಪಕ್ಕದಲ್ಲೇ ನಿಂತಳು. ಹಾಕಲಿಲ್ಲ. ಫೋನಿನ ಪರದೆಯನ್ನು ಅಮ್ಮನ ಕಡೆ ತಿರುಗಿಸಿ ಹಿಡಿದಳು, ಗೇಟಿನಲ್ಲಿ ದಿನಾ ಬೆಳಿಗ್ಗೆ ನೂರಾ ನಲವತ್ತು ಜನ ಹಿಡಿಯುವ ಹಾಗೆ.

“ಐವತ್ತೆರಡಿದೆ ಅಮ್ಮ,” ಎಂದಳು. “ಬಸ್ಸಲ್ಲಿ ಹಾಡು ಕೇಳಿದ್ದು, ಅಷ್ಟೇ. ಯಾರಿಗೂ ಮಾಡಿಲ್ಲ. ಹಾಕ್ಕೊಳ್ಲಾ?”

ಗೂಡಮ್ಮ ಉತ್ತರ ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ, ಹನ್ನೊಂದು ವರ್ಷದ ರೂಢಿ, ಅವಳ ಕೈ ಫೋನು ಇಸಿದುಕೊಳ್ಳಲು ಆಗಲೇ ಮುಂದೆ ಚಾಚಿತ್ತು.